ಕೊಳೆಗೆ ತಡೆ ಎಲ್ಲಿ?
ಚಳಿ ದೇಶಗಳಲ್ಲಿ ವಿಮಾನದ ರೆಕ್ಕೆಗೆ ಕಟ್ಟಿದ ಹಿಮ ಕರಗಿಸಲು ಗ್ಲೈಕಾಲ್ ಎಂಬ ರಾಸಾಯನಿಕ ಸಿಂಪಡಿಸುತ್ತಾರೆ. ಅದು ಹಳ್ಳಕ್ಕಿಳಿದರೆ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುವಷ್ಟರಲ್ಲಿ ನೀರಿನ ಆಮ್ಲಜನಕವೇ ಬರಿದು. ಹಾಗಾಗಿ ಹಲವು ದೊಡ್ಡ ನಿಲ್ದಾಣಗಳಲ್ಲಿ ಅದನ್ನು ಅಲ್ಲೇ ಹಿಡಿದು ಸಂಸ್ಕರಿಸುತ್ತಾರೆ. ಪುಣೆಯ ಲೋಹಗಾಂವ್‌ ನಿಲ್ದಾಣಕ್ಕೆ ಹಿಮದ ಕಾಟವಿಲ್ಲ. ಆದರೆ ಅದೇ ಊರಿನ ಧನಕವಡಿಯ ಮಗ್ಗುಲಿನ ಕಾತ್ರಜ್ ಕೆರೆಯಲ್ಲಿ ಗ್ಲೈಕಾಲ್ ಮಾಡುವ ಕೆಲಸವನ್ನೇ ಮನೆಗಳ ಕೊಳಚೆ ಮಾಡುತ್ತದೆ. 18ನೇ ಶತಮಾನದ ನಡುವಿನಲ್ಲಿ ನಾನಾಸಾಹೇಬ್ ಪೇಶ್ವೆ ಇಲ್ಲಿಂದಲೇ ತನ್ನ ಅರಮನೆ ಶನಿವಾರವಾಡೆಗೆ ನೆಲದಡಿಯ ಕಾಲುವೆ ತೋಡಿಸಿದ್ದ. ಜೋಡಿ ಕೆರೆ: ಮೇಲಿನದರಲ್ಲಿ ಹೂಳು ತಂಗಬೇಕು, ತಿಳಿನೀರಷ್ಟೇ ಕೆಳಗಿನದಕ್ಕೆ ಇಳಿಯಬೇಕು. ಈಗ ನಲ್ಲಿಗೆ ಖಡಕ್‌ವಾಸ್ಲಾ ಜಲಾಶಯದ ನೀರು ಬರುತ್ತದೆ, ಕಾತ್ರಜ್ ಕೆಟ್ಟರೆ ಕೇಳುವವರು ಕಡಿಮೆ. ಕೊಳಕು ನೀರಿನ ಭಯ ಎದ್ದದ್ದು ಇನ್ನೊಂದೆಡೆ: 2025ರ ಜನವರಿಯಲ್ಲಿ ಪುಣೆಯದೇ ಸಿಂಹಗಡ ರಸ್ತೆಯ ಆಸುಪಾಸು ನರಗಳನ್ನು ಬಾಧಿಸುವ ಗಿಯಾನ್-ಬಾರೆ ಕಾಯಿಲೆ ಹಬ್ಬಿದಾಗ ಶಂಕೆಯ ಬೆರಳು ತಿರುಗಿದ್ದು ಕಲುಷಿತ ನೀರಿನತ್ತ. ಕೆಲವು ರೋಗಿಗಳ ಮಲದ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತು. ಆಮೇಲೆ ಅಲ್ಲಿಗೆ ನೀರು ಕೊಡುವ ಬಾವಿಗೆ ಕ್ಲೋರಿನ್ ಬಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇದಕ್ಕೇ. ಕ್ಲೋರಿನ್ ಬೇಕು, ತಕರಾರಿಲ್ಲ. ಆದರೆ ಪಾಲಿಕೆಯ ಮೊದಲ ರೂಪಾಯಿ ಖರ್ಚಾಗಬೇಕಾದದ್ದು ಚರಂಡಿ ಕೆರೆಗೆ ಸೇರುವ ಜಾಗದಲ್ಲಿ.