ದೂರದ ಸ್ನೇಹವೂ ಕೊಳ್ಳೇಗಾಲದ ಗಡಿಯೂ

ವೈರಿಗೆ ಮಿತ್ರರು ದೊರೆತರೆಂದು ತಿಳಿದ ಪ್ರಬಲ ರಾಜ್ಯವು ಏನು ಮಾಡುವುದೆಂಬುದನ್ನು ಅರಿಯಲು ಕನ್ನಡಿಗರು ಯೂರೋಪಿನ ಚರಿತ್ರೆಯನ್ನು ತೆರೆಯಬೇಕಾದುದಿಲ್ಲ. 1798ನೆಯ ವರ್ಷವೊಂದೇ ಸಾಕು.

ಟಿಪ್ಪೂ ಸುಲ್ತಾನನು ಫ್ರೆಂಚರ ನೆರವನ್ನು ಕೋರಿ ಮಾರಿಷಸ್ ದ್ವೀಪಕ್ಕೆ ದೂತರನ್ನು ಕಳುಹಿಸಿದನು. ಗುಟ್ಟಾಗಿರಬೇಕಾದ ಸಂಧಾನವನ್ನು ಅಲ್ಲಿಯ ಗವರ್ನರನಾದ ಮಲಾರ್ಟಿಕನು ಜನವರಿಯಲ್ಲಿ ಬಹಿರಂಗವಾಗಿ ಸಾರಿಬಿಟ್ಟನು. ಮಂಗಳೂರಿನಲ್ಲಿ ಬಂದಿಳಿದವರಾದರೋ ಸುಮಾರು ನೂರು ಮಂದಿ! ಸೈನ್ಯವು ಬರಲಿಲ್ಲ; ಆ ಸಾರೋಲೆಯು ಮಾತ್ರ ಸುಲ್ತಾನನ ವಿರುದ್ಧ ಸಾಕ್ಷ್ಯವಾಯಿತು.

ಗವರ್ನರ್ ಜನರಲ್ ವೆಲ್ಲೆಸ್ಲಿಯು ಒಡನೆಯೇ ಮೈಸೂರಿನ ಮೇಲೆ ಬೀಳಲಿಲ್ಲ. ಸೆಪ್ಟೆಂಬರಿನಲ್ಲಿ ನಿಜಾಮನನ್ನು ಕೌಲಿನಿಂದ ಕಟ್ಟಿದನು. ಅಕ್ಟೋಬರಿನಲ್ಲಿ ಹೈದರಾಬಾದಿನ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ನಿರಾಯುಧಗೊಳಿಸಿದನು. ಮರಾಠರೂ ಸುಲ್ತಾನನೊಡನೆ ಸೇರಲಿಲ್ಲ. ನೆರೆಯವರೆಲ್ಲ ದೂರವಾದ ಮೇಲೆ ಸಮುದ್ರದಾಚೆಯ ಮಿತ್ರನಿಂದ ಏನು ಫಲ? 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು.

ಗೆದ್ದವರು ನಾಡನ್ನು ಪಾಲು ಮಾಡಿದರು. ಕನ್ನಡ ಕರಾವಳಿಯೂ ಕೊಯಮತ್ತೂರೂ ಕಂಪನಿಗೆ ಸಂದವು. ಗುಂಡ್ಲುಪೇಟೆಯೂ, ಅಂದು ಅರಿಕುಠಾರವೆನಿಸಿದ್ದ ಚಾಮರಾಜನಗರವೂ ಮೈಸೂರಿನಲ್ಲಿ ಉಳಿದುವು. ನೆರೆಯ ಕೊಳ್ಳೇಗಾಲವು ಕೊಯಮತ್ತೂರಿನೊಡನೆ ಮದರಾಸಿನ ಆಳ್ವಿಕೆಗೆ ಹೋಯಿತು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತ ನಮ್ಮ ರೈತನು ಪರಪ್ರಾಂತವನ್ನು ಹೊಗಬೇಕಾಯಿತು. ಆ ಗಡಿಯನ್ನು ಅಳಿಸಲು 157 ವರುಷಗಳು ಹಿಡಿದುವು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮರಳಿತು.

ಎದುರಾಳಿಯ ಕೂಟವು ಬಲಿಯುವ ಮೊದಲೇ ಅವನ ನೆರೆಯವರನ್ನು ಸೆಳೆದುಕೊಳ್ಳುವುದು ಪ್ರಬಲರ ನೀತಿ. ನೆರೆಯನ್ನು ಕಾಯ್ದುಕೊಳ್ಳದೆ ದೂರದ ಸ್ನೇಹವನ್ನು ನಂಬಿದ ಅರಸನ ತಪ್ಪಿಗೆ ದಂಡ ತೆತ್ತವರು ಪ್ರಜೆಗಳು. ಉಪಾಧ್ಯಾಯ ಮಹಾಶಯರು ಮಕ್ಕಳಿಗೆ ಈ ಯುದ್ಧದ ಇಸವಿಯನ್ನು ಕಲಿಸುವಾಗ ಕೊಳ್ಳೇಗಾಲದ ಕಥೆಯನ್ನೂ ತಪ್ಪದೆ ಹೇಳಲಿ.