ಪ್ಲ್ಯಾನ್ ದೊಡ್ಡದಾದ್ರೂ ಪೇಮೆಂಟ್ ಯಾಕೆ ಸುತ್ತುತ್ತೆ?

ಸಂತೆ ದಿನ ಸಂಜೆ ಅಂಗಡಿ ವೈಫೈನಲ್ಲಿ ಯುಪಿಐ ಚಕ್ರ ಸುತ್ತುತ್ತಲೇ ಇರುತ್ತೆ. ಗಿರಾಕಿ ದುಡ್ಡು ಹೋಯ್ತು ಅಂತಾರೆ, ಮಾಲೀಕರಿಗೆ ಮೆಸೇಜ್ ಬಂದಿರಲ್ಲ. ಎಲ್ಲರೂ ಕೊಡೋ ಸಲಹೆ ಒಂದೇ: ದೊಡ್ಡ ಪ್ಲ್ಯಾನ್ ಹಾಕಿಸಿ. ಅದಕ್ಕೂ ಮೊದಲು ನೋಡಬೇಕಾದ್ದು ಅಪ್‌ಲೋಡ್.

ಒಂದು ಪೇಮೆಂಟ್‌ಗೆ ಬೇಕಾಗೋದು ಕೆಲವೇ ಕೆಬಿ ಡೇಟಾ. ಆದರೆ ಕ್ಲೌಡ್‌ಗೆ ವಿಡಿಯೋ ಕಳಿಸೋ ಸಿಸಿಟಿವಿಗಳು, ಫೋಟೊ ಬ್ಯಾಕಪ್ ಮಾಡೋ ಮೊಬೈಲ್‌ಗಳು ಸೇರಿ ಅಪ್‌ಲೋಡ್ ತುಂಬಿಸಿಬಿಡುತ್ತವೆ. ಕ್ಯೂ ಬೆಳೆಯುತ್ತೆ, ಕಬ್ಬಿನ ಲಾರಿಗಳ ಹಿಂದೆ ಸಿಕ್ಕ ಸೈಕಲ್ ಥರ ಪೇಮೆಂಟ್ ನಿಲ್ಲುತ್ತೆ.

ಇದಕ್ಕಿರೋ ಮದ್ದು ಫೈರ್‌ವಾಲ್‌ನಲ್ಲಿ ಮಾಡೋ ಟ್ರಾಫಿಕ್ ಶೇಪಿಂಗ್. ಪಿಎಫ್‌ಸೆನ್ಸ್, ಓಪನ್‌ಡಬ್ಲ್ಯೂಆರ್‌ಟಿಯಂಥ ಉಚಿತ ಸಾಫ್ಟ್‌ವೇರ್‌ಗಳಲ್ಲೂ ಇದಿದೆ. 20 ಎಂಬಿಪಿಎಸ್ ಅಪ್‌ಲೋಡ್ ಸಿಗೋ ಕಡೆ ಮಿತಿಯನ್ನು 18ಕ್ಕೆ ಇಡಬೇಕು. ಆಗ ಕ್ಯೂ ಕಂಪನಿಯ ಮೋಡೆಮ್‌ನಲ್ಲಿ ಬೆಳೆಯಲ್ಲ, ಅಂಗಡಿಯವರ ಹಿಡಿತಕ್ಕೆ ಬರುತ್ತೆ. ಬಿಲ್ಲಿಂಗ್ ಮೊದಲು, ಕ್ಯಾಮೆರಾ ಆಮೇಲೆ ಅಂತ ನಿಯಮ ಹಾಕಬಹುದು. ದುಡ್ಡು ಕೊಟ್ಟ ಸ್ಪೀಡನ್ನ ತಾವೇ ಕಡಿಮೆ ಮಾಡ್ಕೊಳ್ಳೋಕೆ ಯಾರಿಗೂ ಮನಸ್ಸು ಬರಲ್ಲ, ಅದು ನಿಜ.

ತಕರಾರು ಶುರುವಾಗೋದು ಕಾಂಪ್ಲೆಕ್ಸ್‌ಗಳಲ್ಲಿ. ಹತ್ತು ಮಳಿಗೆಗೆ ಒಂದೇ ಲೈನ್ ಇದ್ದರೆ ಯಾರದು ಮೊದಲು? ಇದನ್ನ ಫೈರ್‌ವಾಲ್ ಕೂರಿಸೋನಿಗೆ ಬಿಡದೆ ಬಾಡಿಗೆದಾರರೇ ಕೂತು ತೀರ್ಮಾನಿಸಬೇಕು.

ಖರ್ಚು ಮಾಡೋ ಮುಂಚೆ ಹಗಲಲ್ಲಿ ಐದು ನಿಮಿಷ ಕ್ಯಾಮೆರಾ, ಬ್ಯಾಕಪ್ ನಿಲ್ಲಿಸಿ ಪೇಮೆಂಟ್ ಮಾಡಿ ನೋಡಿ. ಆಗಲೂ ಸುತ್ತಿದರೆ ತೊಂದರೆ ಲೈನ್‌ನಲ್ಲೋ ಬ್ಯಾಂಕ್ ಸರ್ವರ್‌ನಲ್ಲೋ ಇರುತ್ತೆ, ಶೇಪಿಂಗ್‌ನಿಂದ ಏನೂ ಆಗಲ್ಲ.