‘ಸರಿ ಇದೆ’ ಅಂದರೆ ಏನು ಸರಿ?

ಬರದ ಸೀಮೆ ಜತ್ತ ತಾಲೂಕಿನ ಕುಣಿಕೋಣೂರಿನಂಥ ಊರಲ್ಲಿ ಮೋಟರು ತಿರುಗಿದ ಮಾತ್ರಕ್ಕೆ ನೀರು ಬಂತೆಂದು ಯಾವ ರೈತನೂ ನಂಬುವುದಿಲ್ಲ; ಬಾವಿ ಬತ್ತಿದರೂ ಮೋಟರು ತಿರುಗುತ್ತದೆ. ತಂತ್ರಾಂಶದ ಆರೋಗ್ಯ ತಪಾಸಣೆಯ ಟೂಲ್‌ಗಳನ್ನು ವಿವರಿಸುವವರಲ್ಲಿ ಈ ಎಚ್ಚರ ಕಡಿಮೆ. 2024ರ ನವೆಂಬರಿನಲ್ಲಿ ಆಂಥ್ರಾಪಿಕ್ ಪ್ರಕಟಿಸಿದ, ಎಐಯನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಬಳಸುವ ಎಐ ಏಜೆಂಟ್ ಸಾಮಾನ್ಯವಾಗಿ ಟೂಲ್‌ನ ಒಳಗಿನ ಕೋಡ್ ನೋಡುವುದಿಲ್ಲ. ಅದರ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಓದಿ ಹೆಜ್ಜೆ ಇಡುತ್ತದೆ. ‘ಸರ್ವರಿನ ಆರೋಗ್ಯ ನೋಡುತ್ತದೆ’ ಎಂದಷ್ಟೇ ಬರೆದರೆ, ಡೇಟಾಬೇಸ್ ಬಿದ್ದಿರುವಾಗಲೂ ಏಜೆಂಟ್ ‘ಎಲ್ಲ ಸರಿ’ ಎಂದು ವರದಿ ಕೊಟ್ಟೀತು. ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್, ಜೀವಂತವಾಗಿರುವುದಕ್ಕೂ ಕೆಲಸಕ್ಕೆ ಸಿದ್ಧವಾಗಿರುವುದಕ್ಕೂ ಇರುವ ಭೇದವನ್ನು ಮೊದಲೇ ಗುರುತಿಸಿದೆ: ಲೈವ್‌ನೆಸ್ ತಪಾಸಣೆ ಪದೇ ಪದೇ ಸೋತರೆ ಕಂಟೇನರನ್ನು ಮತ್ತೆ ಶುರುಮಾಡುತ್ತದೆ, ರೆಡಿನೆಸ್ ಸೋತರೆ ಅದರತ್ತ ಕೋರಿಕೆ ಕಳಿಸುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಎರಡನ್ನೂ ಒಂದೇ ಮಾತಿನಲ್ಲಿ ಕಲಸಿಟ್ಟರೆ, ಸುಮ್ಮನೆ ಕಾಯಬೇಕಾದಲ್ಲಿ ಏಜೆಂಟ್ ಸರ್ವರನ್ನೇ ಕೆಡವಿ ಎಬ್ಬಿಸಲು ಹೊರಡಬಹುದು. ಉದ್ದದ ವಿವರಣೆ ಟೋಕನ್ ತಿನ್ನುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಇಲ್ಲಿ ಪುರಾಣ ಬೇಕಿಲ್ಲ. ಏನು ನೋಡುತ್ತದೆ, ಏನು ನೋಡುವುದಿಲ್ಲ, ಸೋತರೆ ಮುಂದೇನು ಎಂಬಷ್ಟು ಸಾಕು. ಎಐ ಮಾದರಿ ಜಾಣ, ಉಳಿದದ್ದನ್ನು ಊಹಿಸಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಊಹೆ ಸಾಲದೆಂದೇ ಅಲ್ಲವೇ ತಪಾಸಣೆ ಇಟ್ಟದ್ದು? ಟೂಲ್ ಬರೆಯುವವರು ಬೇರೇನು ಬಿಟ್ಟರೂ ‘ಇದು ಏನನ್ನು ನೋಡುವುದಿಲ್ಲ’ ಎಂಬ ಸಾಲನ್ನು ಬಿಡಬಾರದು.